ಕಟ್ಟಿಗೆ ಮುಗಿಯುವ ತನಕ

ಕ್ಯಾಂಪ್‌ಫೈರ್ ಎದುರು ಕೂತವರ ಮುಖ ಬೇಯುತ್ತಿರುತ್ತದೆ, ಬೆನ್ನು ನಡುಗುತ್ತಿರುತ್ತದೆ. ಒಂದೇ ಮೈಯಲ್ಲಿ ಬೇಸಗೆಯನ್ನೂ ಮಾಗಿಯನ್ನೂ ಹೊತ್ತು ಕೂತ ಮನುಷ್ಯ ಆಡುವ ಮಾತನ್ನು ಪೂರ್ತಿ ನಂಬಬಾರದು. ಹಾಗಂತ ನಗಲೂಬಾರದು, ಮುಂದಿನ ಸರದಿ ನಮ್ಮದೇ ಆಗಿರುತ್ತದೆ.

ದಾಂಡೇಲಿ ಕಡೆಯ ಕಾಡಿಗೆ 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರಿದೆ. ಹೆಸರಿನಲ್ಲೇ ಹುಲಿ ಇರುವುದರಿಂದ, ಬಂದವರಿಗೆಲ್ಲ ರೇಷನ್ ಕಾರ್ಡಿನ ಅಕ್ಕಿಯಂತೆ ತಲೆಗೊಂದು ಹುಲಿ ಸಿಗಬೇಕೆಂಬ ನಿರೀಕ್ಷೆ. ಹುಲಿಗೆ ಈ ವ್ಯವಸ್ಥೆ ಗೊತ್ತಿಲ್ಲ. ಹಗಲೆಲ್ಲ ಜೀಪಿನಲ್ಲಿ ಕುಲುಕಿಸಿಕೊಂಡು, ಜಿಂಕೆಯ ಹಿಂಭಾಗವನ್ನೂ ನವಿಲಿನ ಬಾಲವನ್ನೂ ನೋಡಿ ಬಂದವರು ಸಂಜೆ ಬೆಂಕಿಯ ಸುತ್ತ ಸೇರುತ್ತಾರೆ. ಹಗಲು ತಪ್ಪಿಸಿಕೊಂಡ ಹುಲಿ ಅಲ್ಲಿಗೆ ಬಂದೇ ಬರುತ್ತದೆ.

ಆ ಕಡೆಯ ಒಂದು ನಿಸರ್ಗ ಶಿಬಿರದಲ್ಲಿ ಮಾಗಿಯ ಒಂದು ರಾತ್ರಿ ನಾವೆಲ್ಲ ಹಾಗೆ ಸೇರಿದ್ದೆವು. ವಾಚರ್ ಒಂದು ಹೊರೆ ಕಟ್ಟಿಗೆ ತಂದು ಹಾಕಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟು, "ಇಷ್ಟಾ ನೋಡ್ರೀ ಸರ. ಮುಗದ್ರ ಮತ್ತ ಕೊಡಂಗಿಲ್ಲ" ಎಂದು ನಿಯಮ ಓದಿದರು. ಬೇಸಗೆಯಲ್ಲಾಗಿದ್ದರೆ ಈ ಒಂದು ಹೊರೆಯೂ ಇಲ್ಲ. ಒಣಗಿದ ತರಗೆಲೆ ಒಂದು ಬೀಡಿಯ ಕಿಡಿಗೇ ಕಾದು ಕೂತಿರುವ ಕಾಲದಲ್ಲಿ ಅರಣ್ಯದವರ ಮುಂದೆ ಬೆಂಕಿಯ ಮಾತೆತ್ತುವುದೂ ತಪ್ಪು.

ಬೆಂಕಿ ಹಚ್ಚುವ ವಿಚಾರದಲ್ಲಿ ಗಂಡಸರೆಲ್ಲರೂ ಪಂಡಿತರು. ಒಬ್ಬರು ಕಟ್ಟಿಗೆಯನ್ನು ಗೋಪುರ ಮಾಡಿದರು. ಇನ್ನೊಬ್ಬರು ಅದನ್ನು ಕೆಡವಿ ಅಡ್ಡಡ್ಡ ಜೋಡಿಸಿದರು. ಮೂರನೆಯವರು ಗಾಳಿ ಬರುವ ದಿಕ್ಕಿನ ಬಗ್ಗೆ ಮಾತಾಡಿದರು. ಗಾಳಿ ಆ ಮಾತಿನಲ್ಲೇ ಇತ್ತು. ಎರಡು ಬೆಂಕಿಪೊಟ್ಟಣ ಖಾಲಿಯಾದ ಮೇಲೆ ವಾಚರ್ ಒಂದು ಬಿದಿರಿನ ಸೀಳು ಹಿಡಿದು ಬಂದು, ಯಾರ ಮುಖವನ್ನೂ ನೋಡದೆ ಹೊತ್ತಿಸಿ ಹೋದರು.

ಮೊದಲ ಕಥೆ ನಿವೃತ್ತ ಬ್ಯಾಂಕ್ ಮ್ಯಾನೇಜರರದು. ನಾಗರಹೊಳೆಯಲ್ಲಿ ಅವರು ಹುಲಿ ಕಂಡ ವೃತ್ತಾಂತವನ್ನು ಸಂಜೆ ಚಹಾದ ಹೊತ್ತಿಗೇ ಒಮ್ಮೆ ಕೇಳಿದ್ದೆವು. ಆಗ ಹುಲಿ ಕೆರೆಯ ಆಚೆ ದಡದಲ್ಲಿತ್ತು. ಬೆಂಕಿ ಹೊತ್ತಿದ ಮೇಲೆ ಈಚೆ ದಡಕ್ಕೆ ಈಜಿ ಬಂತು. ಎರಡನೇ ಕೊರಡು ಹಾಕಿದಾಗ ಜೀಪಿನ ಬಾನೆಟ್ ಮೂಸಿತು. ಮೂರನೆಯದಕ್ಕೆ ಹುಲಿಯೂ ಮ್ಯಾನೇಜರರೂ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದರು; ಸಾಲ ಕೇಳಲು ಬಂದವರನ್ನು ನೋಡಿ ಅಭ್ಯಾಸವಾದ ಆ ನೋಟಕ್ಕೆ ಹುಲಿಯೇ ತಲೆ ತಗ್ಗಿಸಿ ಹೊರಟಿತು. ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅವರ ಹೆಂಡತಿ ಶಾಂತವಾಗಿ, "ರೀ, ನೀವು ಅವಾಗ ನಿದ್ದೆ ಮಾಡ್ತಿದ್ರಿ. ಹುಲಿ ನೋಡಿದ್ದು ನಾನು" ಎಂದರು. ಮ್ಯಾನೇಜರರು ವಿಚಲಿತರಾಗಲಿಲ್ಲ. "ಅದು ಬೇರೆ ಹುಲಿ" ಎಂದರು.

ಆಮೇಲೆ ಪಕ್ಷಿವೀಕ್ಷಕ ಹುಡುಗ. ಮೊಣಕೈ ಉದ್ದದ ಲೆನ್ಸು, ಹಸಿರು ಟೋಪಿ, ಯಾರು ಮಾತಾಡಿದರೂ "ಶ್!" ಎಂದು ಎತ್ತುವ ಬೆರಳು. ಡೇರೆಯ ಹಿಂದಿನಿಂದ ಬಂದ ಟಕ್ ಟಕ್ ಸದ್ದನ್ನು ನೈಟ್‌ಜಾರ್ ಎಂದು ಗುರುತಿಸಿ ಬಹಳ ಹೊತ್ತು ಧ್ವನಿಮುದ್ರಿಸಿದ. ಅಡುಗೆಯವರು ಬಂದು ನಲ್ಲಿ ತಿರುಗಿಸಿದಾಗ ಆ ಹಕ್ಕಿ ನಿಂತಿತು.

ಆದರೆ ಅವನ ಬಳಿ ಒಂದು ಸೊಗಸಾದ ಕಥೆಯಿತ್ತು, ಮಂಗಟ್ಟೆ ಹಕ್ಕಿಯದು. ದಾಂಡೇಲಿಯಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆಯಂತೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆಯಿಂದಲೂ ಹಣ್ಣಿನ ಚರಟದಿಂದಲೂ ಬಾಗಿಲು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಟ್ಟುಕೊಳ್ಳುತ್ತದೆ. ಒಳಗೇ ಅದರ ರೆಕ್ಕೆಪುಕ್ಕ ಉದುರಿ ಹೊಸದು ಬರುತ್ತದೆ. ಗಂಡು ವಾರಗಟ್ಟಲೆ, ತಿಂಗಳುಗಟ್ಟಲೆ, ಅತ್ತಿ ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು, ಒಂದೊಂದಾಗಿ ಕಕ್ಕಿ ಆ ಸಂದಿಯಲ್ಲಿ ಉಣಿಸುತ್ತದೆ.

ಆ ರಾತ್ರಿ ಹೇಳಿದ್ದರಲ್ಲಿ ಸಾಚಾ ಕಥೆ ಇದೊಂದೇ. ಅಡ್ಡಸವಾಲು ಎದುರಿಸಿದ್ದೂ ಇದೊಂದೇ. "ಅಷ್ಟು ದಿನ ಒಳಗೇ? ಉಸಿರು ಕಟ್ಟಲ್ವಾ?" "ಗಂಡು ಓಡಿಹೋದ್ರೆ?" "ನೀವೇ ನೋಡಿದ್ದೀರೋ, ಯಾರೋ ಹೇಳಿದ್ದೋ?" ಬಾನೆಟ್ ಮೂಸಿದ ಹುಲಿಯನ್ನು ತಕರಾರಿಲ್ಲದೆ ಒಪ್ಪಿಕೊಂಡವರು ಪಾಪದ ಮಂಗಟ್ಟೆಯಿಂದ ದಾಖಲೆ ಕೇಳಿದರು. ಬೆಂಕಿಯ ಮುಂದೆ ನಿಜಕ್ಕೆ ಇದೇ ಗತಿ: ಸುಳ್ಳು ಹೇಳುವವನು ಕೇಳುವವರ ಮುಖ ನೋಡಿಕೊಂಡು ಹೇಳುತ್ತಾನೆ, ನಿಜ ಹೇಳುವವನು ನಿಜವನ್ನೇ ನೋಡಿಕೊಂಡು ಕೂರುತ್ತಾನೆ. ಹುಡುಗನನ್ನು ನಂಬಿದ್ದು ಮ್ಯಾನೇಜರರ ಹೆಂಡತಿ ಮಾತ್ರ. "ಮೂವತ್ತೈದು ವರ್ಷ ಅಡುಗೆಮನೆಯಲ್ಲಿ ನಾನೂ ಹಂಗೇ ಇದ್ದೆ ಕಣಪ್ಪ. ಸಂದಿಯಲ್ಲಿ ಹಣ್ಣು ಕೊಟ್ಟೋರನ್ನ ಮಾತ್ರ ಕಾಣೆ" ಎಂದರು. ಮ್ಯಾನೇಜರರು ಎದ್ದು ಹೋಗಿ ಒಂದು ಕೊರಡು ಹಾಕಿ ಬಂದರು.

ಹಾಡಿನ ಕಡೆ ಹೊರಳಿದ್ದು ಅವರ ಹಿತಕ್ಕಾಗಿಯೇ. ಗಿಟಾರ್ ತಂದಿದ್ದ ಸಾಫ್ಟ್‌ವೇರ್ ಹುಡುಗ ಸಂಜೆಯಿಂದ ಅದರ ಕಿವಿ ಹಿಂಡುತ್ತಲೇ ಇದ್ದ. ಅವನ ಗೆಳೆಯರಿಗೆ ನೂರಾರು ಹಾಡು ಬರುತ್ತಿದ್ದವು, ಎಲ್ಲವೂ ಮೊದಲ ಸಾಲಿನ ತನಕ. ಎರಡನೆಯ ಸಾಲು ಫೋನಿನಲ್ಲಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಆಗ ಶಾಲು ಹೊದ್ದ ಸುಗಮ ಸಂಗೀತದ ಅಮ್ಮನವರ ಕಡೆ ಎಲ್ಲರೂ ತಿರುಗಿದೆವು. "ಅಯ್ಯೋ, ಗಂಟಲು ಕಟ್ಟಿದೆ, ಬೇಡಪ್ಪ" ಎನ್ನುತ್ತಲೇ ಅವರು ಶಾಲಿನೊಳಗಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಾಡಿನ ಪುಸ್ತಕ ತೆಗೆದರು. ಗಂಟಲು ಕಟ್ಟಿದವರು ಶುರು ಮಾಡಿದರೆ ನಿಲ್ಲಿಸುವವರಿಲ್ಲ. ಗಿಟಾರಿನ ಹುಡುಗ ಅವರ ಶ್ರುತಿ ಹುಡುಕುತ್ತ ಹಾಡಿನ ಹಿಂದೆ ಓಡಿದ. ಅವರು ಎರಡು ಚರಣಗಳ ನಡುವೆ, "ಓಡಬೇಡ ಮಗು, ಕೂತಿರು. ಪಲ್ಲವಿ ಮತ್ತೆ ಇಲ್ಲಿಗೇ ಬರುತ್ತೆ" ಎಂದು ಸಮಾಧಾನ ಹೇಳಿದರು.

ಅಂತ್ಯಾಕ್ಷರಿಯಲ್ಲಿ ಜಗಳವೂ ಆಯಿತು. ಕನ್ನಡದ ಹಾಡುಗಳು 'ಳು' ಎಂದು ಮುಗಿದರೆ ಎದುರು ಪಾರ್ಟಿಗೆ ಗತಿಯಿಲ್ಲ. 'ಳ'ವನ್ನು 'ಲ' ಮಾಡಿಕೊಳ್ಳಬಹುದೋ ಇಲ್ಲವೋ ಎಂದು ಹೈಕೋರ್ಟಿನ ಮಟ್ಟದ ವಾದ ನಡೆಯಿತು. ತೀರ್ಪು ಬರುವ ಮೊದಲೇ ಯಾರೋ 'ಗಂಧದ ಗುಡಿ'ಯ ಹಾಡು ಎತ್ತಿಕೊಂಡರು. 1973ರಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ಖಾಕಿ ತೊಟ್ಟ ಮೇಲೆ, ಕನ್ನಡಿಗರು ಕಾಡಿಗೆ ಹೋಗಿ ಆ ಚಿತ್ರದ ಹಾಡು ಹಾಡದೆ ವಾಪಸಾಗುವುದು ಕಷ್ಟ. ಎರಡನೆಯ ಸಾಲು ಬಾರದ ಹುಡುಗರಿಗೂ ಅದು ಪೂರ್ತಿ ಬಂತು. ಮ್ಯಾನೇಜರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಹೊಗೆ" ಎಂದರು. ಭಾವುಕ ಗಂಡಸರಿಗೆ ಕ್ಯಾಂಪ್‌ಫೈರ್ ಮಾಡುವ ದೊಡ್ಡ ಉಪಕಾರ ಈ ಹೊಗೆ.

ಕೊನೆಗೆ ದೆವ್ವ. ಅಣಶಿ ಘಟ್ಟದ ತಿರುವಿನಲ್ಲಿ ಲಿಫ್ಟ್ ಕೇಳುವ ಬಿಳಿ ಸೀರೆಯ ಹೆಂಗಸಿನ ಕಥೆಯನ್ನು ಗಿಟಾರಿನ ಹುಡುಗನ ಗೆಳೆಯ ದನಿ ತಗ್ಗಿಸಿ ಶುರು ಮಾಡಿದ. ಅವಳ ಪಾದ ಹಿಂದುಮುಂದಾಗಿತ್ತು ಎನ್ನುವಲ್ಲಿಗೆ ಬಂದಾಗ ಒಬ್ಬಳು ಪುಟ್ಟ ಹುಡುಗಿ, "ಹಾಗಾದ್ರೆ ಚಪ್ಪಲಿ ಹೇಗೆ ಹಾಕ್ಕೋತಾಳೆ ಅಂಕಲ್?" ಎಂದಳು. ಅವನು ಇದನ್ನು ಯೋಚಿಸಿರಲಿಲ್ಲ. ನಾವೆಲ್ಲ ಯೋಚಿಸತೊಡಗಿದೆವು. ಹವಾಯಿ ಚಪ್ಪಲಿ ಆಗಲಿಕ್ಕಿಲ್ಲ, ಬೆಲ್ಟಿನದಾದರೆ ಆದೀತು ಎಂದು ಚರ್ಚೆ ಬೆಳೆದು ದೆವ್ವ ಅನಾಥವಾಗಿ ಘಟ್ಟದಲ್ಲೇ ನಿಂತಿತು.

ಇಷ್ಟರಲ್ಲಿ ಕೊನೆಯ ಕೊರಡು ಕೆಂಡವಾಗಿತ್ತು. ಯಾರಿಗೂ ಏಳುವ ಮನಸ್ಸಿಲ್ಲ. ಅದುವರೆಗೂ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ವಾಚರ್ ಎದ್ದು ಬಂದು, ಕೋಲಿನಿಂದ ಕೆಂಡ ಕೆದಕುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ನಮಗ ಹುಲಿ ಅಂಜಿಕಿ ಇಲ್ರೀ. ಅದು ಮನಶಾನ ಕಂಡ್ರ ಸರದು ಹೋಗತೈತಿ. ಕರಡಿದಾ ಅಂಜಿಕಿ. ಅದಕ್ಕ ಹಿಂದಿಲ್ಲ, ಮುಂದಿಲ್ಲ. ಆ ಹುತ್ತ ಐತಲ್ರೀ, ನಿಮ್ಮ ಡೇರೆ ಹಿಂದ, ಅಲ್ಲಿ ಗೆದ್ದಲ ತಿನ್ನಾಕ ಈ ಹೊತ್ತಿಗೇ..." ಅಷ್ಟಕ್ಕೇ ನಿಲ್ಲಿಸಿದರು. ಬಾನೆಟ್ ಇಲ್ಲ, ಬಿಳಿ ಸೀರೆ ಇಲ್ಲ, ಕಥೆಗೆ ಮುಕ್ತಾಯವೂ ಇಲ್ಲ. ಮ್ಯಾನೇಜರರು ಎಲ್ಲರಿಗಿಂತ ಮೊದಲು ಎದ್ದರು. ಗಂಟಲು ಕಟ್ಟಿದ್ದವರ ಗಂಟಲು ನಿಜಕ್ಕೂ ಕಟ್ಟಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಡೇರೆಗಳ ಜಿಪ್ಪುಗಳೆಲ್ಲ ಒಟ್ಟಿಗೆ ಏರಿದವು. ವಾಚರ್ ನಿಶ್ಚಿಂತೆಯಿಂದ ಮರಳು ಸುರಿದರು.

ಬೆಳಿಗ್ಗೆ ಚಹಾ ಕುಡಿಯುತ್ತ ಅವರನ್ನು ಕೇಳಿದೆ: "ನಿಜವಾಗಿಯೂ ಆ ಹುತ್ತಕ್ಕೆ ಕರಡಿ ಬರುತ್ತೇನ್ರಿ?"

ಅವರು ಲೋಟ ಕೆಳಗಿಟ್ಟು, ನನ್ನ ಅಜ್ಞಾನಕ್ಕೆ ಮರುಗಿದವರಂತೆ ನೋಡಿದರು.

"ಕಟಗಿ ಮುಗದ ಮ್ಯಾಗ ಬರಲೇಬೇಕಲ್ರೀ ಸರ."