ಉಪಚಾರಲೋಪ ಪ್ರಕರಣ: ವಿಲಾಸಿ ನೌಕಾಯಾನದ ವ್ಯಾಕರಣಕ್ಕೊಂದು ಪೀಠಿಕೆ

ಪೂಜೆಗೆ ಹದಿನಾರು ಉಪಚಾರಗಳೆಂದು ಶಾಸ್ತ್ರ ಎಣಿಸಿಟ್ಟಿದೆ. ವಿಲಾಸಿ ಹಡಗಿನಲ್ಲಿ ಲೋಕ ಸುತ್ತುವವರಿಗೆ ಎಷ್ಟು ಉಪಚಾರ ಸಲ್ಲಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ; ಹೇಳಿದ್ದರೆ ಅವು ಒಂದೊಂದಾಗಿ ಕಾಣೆಯಾಗುವಾಗ ಲೆಕ್ಕ ಹಿಡಿಯಲು ಅನುಕೂಲವಾಗುತ್ತಿತ್ತು. ಆ ಕೊರತೆ ತುಂಬಲೆಂದು, ಹಡಗನ್ನು ದಡದಿಂದ ಮಾತ್ರ ನೋಡಿರುವ (ಆದ್ದರಿಂದಲೇ ಪೂರ್ಣ ನಿಷ್ಪಕ್ಷಪಾತಿಯಾದ) ಪ್ರಸ್ತುತ ಲೇಖಕನು ಈ ಪ್ರಬಂಧವನ್ನು ವಿದ್ವಜ್ಜನರ ಮುಂದಿಡುತ್ತಿದ್ದಾನೆ.

ಉಪಚಾರದ ಉಗಮವನ್ನು ಕೆಲವರು ಷಾಂಪೇನಿನಲ್ಲಿ ಹುಡುಕುತ್ತಾರೆ. ತಪ್ಪು. ಆದ್ಯುಪಚಾರ ಹಸು. 1840ರಲ್ಲಿ ಲಿವರ್‌ಪೂಲಿನಿಂದ ಅಟ್ಲಾಂಟಿಕ್ ದಾಟಲು ಹೊರಟ ಕ್ಯೂನಾರ್ಡ್ ಸಂಸ್ಥೆಯ ಬ್ರಿಟಾನಿಯಾ ಹಡಗಿನಲ್ಲಿ ಪ್ರಯಾಣಿಕರ ಹಾಲಿಗೆಂದು ಹಸು ಕಟ್ಟಿದ್ದರು. 1842ರ ಜನವರಿಯಲ್ಲಿ ಅದೇ ಹಡಗು ಹತ್ತಿದ ಚಾರ್ಲ್ಸ್ ಡಿಕನ್ಸ್, ಚಿತ್ರದಲ್ಲಿ ತೋರಿಸಿದ ಕೋಣೆಗೂ ತನಗೆ ಸಿಕ್ಕ ಗೂಡಿಗೂ ತಾಳಮೇಳವೇ ಇಲ್ಲವೆಂದು ಪುಸ್ತಕದಲ್ಲೇ ಬರೆದಿಟ್ಟ. ಹಿಂದಿರುಗುವಾಗ ಉಗಿಹಡಗಿನ ಸಹವಾಸವೇ ಬೇಡವೆಂದು ಹಾಯಿಹಡಗು ಹಿಡಿದ. ಕನ್ನಡಕ್ಕೆ ಆದಿಕವಿ ಪಂಪನಾದರೆ ಈ ಶಾಸ್ತ್ರಕ್ಕೆ ಆದಿಗೊಣಗ ಡಿಕನ್ಸ್. ಇಂದು ಅದೇ ಸಂಸ್ಥೆಯ ಕ್ವೀನ್ ಮೇರಿ 2ರಲ್ಲಿ ಹಸುವಿಲ್ಲ. ಅಟ್ಲಾಂಟಿಕ್ ದಾಟುವ ಸಾಕುಪ್ರಾಣಿಗಳಿಗೆ 24 ಗೂಡುಗಳಿವೆ. ನಾಯಿಗಳು ನಿತ್ಯಕರ್ಮಕ್ಕೆ ಪರಸ್ಥಳವೆಂದು ಸಂಕೋಚಪಡದಿರಲೆಂದು 2016ರ ನವೀಕರಣದಲ್ಲಿ ಅಲ್ಲೊಂದು ಇಂಗ್ಲಿಷ್ ದೀಪದ ಕಂಬವನ್ನೂ ಒಂದು ಅಮೆರಿಕನ್ ಫೈರ್ ಹೈಡ್ರಂಟನ್ನೂ ನೆಟ್ಟಿದ್ದಾರೆ. ಹಸುವಿದ್ದಲ್ಲಿ ನಾಯಿ ಬಂದುದನ್ನು ವ್ಯಾಕರಣದಲ್ಲಿ ಆದೇಶ ಎನ್ನುತ್ತೇವೆ.

ಇಲ್ಲಿಗೆ ನಮ್ಮ ಸಿದ್ಧಾಂತ ಬಯಲಾಯಿತು. ವ್ಯಾಕರಣಕಾರ ಕೇಶಿರಾಜ ಲೋಪ, ಆಗಮ, ಆದೇಶಗಳ ಸಂಧಿಯಲ್ಲಿ ಕನ್ನಡದ ಅಕ್ಷರಗಳಿಗೆ ಏನು ಮಾಡಿದನೋ ಅದನ್ನೇ ಹಡಗಿನ ಕಂಪನಿಗಳು ಉಪಚಾರಗಳಿಗೆ ಮಾಡುತ್ತಿವೆ. 1922ರ ನವೆಂಬರಿನಲ್ಲಿ ಲಕೋನಿಯಾ ಹಡಗು ನ್ಯೂಯಾರ್ಕಿನಿಂದ ಭೂಪ್ರದಕ್ಷಿಣೆಗೆ ಹೊರಟಾಗಲೇ ಯಾನ ನಾಲ್ಕು ತಿಂಗಳಿಗೆ ಬೆಳೆದಿತ್ತು; 2023ರ ಡಿಸೆಂಬರಿನಲ್ಲಿ ಮಿಯಾಮಿಯಿಂದ ಹೊರಟ ಸೆರೆನೇಡ್ ಆಫ್ ದಿ ಸೀಸ್ ಹಡಗಿನದು 274 ರಾತ್ರಿಗಳ ಯಾನ. ಪ್ರಯಾಣಿಕನ ಆಸೆಯೂ ಕಂಪನಿಯ ಖರ್ಚೂ ಇಷ್ಟು ದಿನ ಒತ್ತೊತ್ತಾಗಿ ಕೂತರೆ ಸಂಧಿಯಾಗದೆ ಇನ್ನೇನಾದೀತು?

ಮೊದಲು ಲೋಪ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಮಾಡಬಹುದೆಂದು ಪ್ರೈಮರಿ ಶಾಲೆಯ ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದರು. ಕಂಪನಿಗಳು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ. ಅರ್ಥವೆಂದರೆ ದುಡ್ಡು ಎಂಬ ಪಾಠಾಂತರವನ್ನು ಅವು ಹಿಡಿದಿವೆ, ಅಷ್ಟೆ. ಹಾಗೆ ಲೋಪವಾದವುಗಳಲ್ಲಿ ಮುಖ್ಯವಾದುದು ನಡುರಾತ್ರಿಯ ಬಫೆ. ರಾತ್ರಿ ಎಂಟಕ್ಕೆ ಐದು ಬಗೆಯ ಊಟ ಮುಗಿಸಿದವರು ಹನ್ನೆರಡಕ್ಕೆ ಮತ್ತೆ ಸಾಲು ನಿಲ್ಲುತ್ತಿದ್ದರು: ಮಂಜುಗಡ್ಡೆಯಲ್ಲಿ ಕಡೆದ ಹಂಸ, ಕಲ್ಲಂಗಡಿಯಲ್ಲಿ ಕೆತ್ತಿದ ಮುಖ, ಬೆಣ್ಣೆಯ ಶಿಲ್ಪ. ಮೊದಲು ಫೋಟೋ ತೆಗೆಯುವವರಿಗೆ ಅವಕಾಶ, ಆಮೇಲೆ ತಿನ್ನುವವರಿಗೆ. ಹಸಿವಿಗೆ ಇಲ್ಲಿ ಪ್ರವೇಶವೇ ಇರಲಿಲ್ಲ. ಇಂಥದ್ದು ಬಹುತೇಕ ಹಡಗುಗಳಿಂದ ಮಾಯವಾದಾಗ ಯಾರ ಹೊಟ್ಟೆಯೂ ಖಾಲಿಯಾಗಲಿಲ್ಲ. ಆದರೂ ಹಳೆಯ ಪ್ರಯಾಣಿಕರು ಆ ಹಂಸವನ್ನು ಇಂದಿಗೂ ನೆನೆಯುತ್ತಾರೆ. ಕರಗಲೆಂದೇ ಕಡೆದದ್ದಕ್ಕೆ ಇಷ್ಟು ದೀರ್ಘ ಶೋಕ ಸಾಹಿತ್ಯದಲ್ಲೂ ಅಪರೂಪ.

ಆದೇಶಕ್ಕೆ ಉತ್ತಮ ಉದಾಹರಣೆ ಬೇಕ್ಡ್ ಅಲಾಸ್ಕ. ಒಳಗೆ ಐಸ್‌ಕ್ರೀಮು, ಹೊರಗೆ ಮೊಟ್ಟೆಯ ಬಿಳಿಯ ನೊರೆ, ನೆತ್ತಿಯಲ್ಲಿ ಉರಿ. ಊಟದ ಹಾಲಿನ ದೀಪವಾರಿಸಿ, ಬಡಿಸುವವರು ತಟ್ಟೆಗಳನ್ನು ತಲೆಯ ಮೇಲೆತ್ತಿ ಮೆರವಣಿಗೆ ಬರುತ್ತಿದ್ದರೆ ಪ್ರಯಾಣಿಕರು ಕೈವಸ್ತ್ರ ಬೀಸುತ್ತಿದ್ದರು. ಉರಿಯುವ ವಸ್ತುವನ್ನು ತೂಗಾಡುವ ಹಡಗಿನಲ್ಲಿ ಓಡಾಡಿಸುವುದು ಕ್ಷೇಮವಲ್ಲವೆಂದು ಹಲವೆಡೆ ಬೆಂಕಿಯ ಜಾಗಕ್ಕೆ ಬ್ಯಾಟರಿ ದೀಪ ಬಂತು. ಅಗ್ನಿಗೆ ಆದೇಶವಾಗಿ ಎರಡು ಪೆನ್ಸಿಲ್ ಸೆಲ್ಲು! ನಮ್ಮಲ್ಲಿ ಮಂಗಳಾರತಿಗೆ ಕರೆಂಟಿನ ಗಂಟೆ ಬಂದದ್ದನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಕಾಣದು.

ಆಗಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಲ್ಲು ನೋಡಿದರೆ ಸಾಕು. ದೊಡ್ಡ ಹಡಗುಗಳಲ್ಲಿ ದಿನಕ್ಕೆ ತಲೆಗೆ 16ರಿಂದ 20 ಡಾಲರಿನ ಆಸುಪಾಸು ಭಕ್ಷೀಸು, ಯಕಾರ ವಕಾರಗಳಂತೆ, ತಾನಾಗಿ ಬಂದು ಸೇರಿಕೊಳ್ಳುತ್ತದೆ.

ಯಾವ ಸಂಧಿಗೂ ಸಿಕ್ಕದ ಉಪಚಾರ ಒಂದಿದೆ: ಪ್ರಾಣರಕ್ಷಣೆಯ ಕವಾಯತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡವು. 2012ರಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಮಗುಚಿದ ಮೇಲೆ, ಹೊರಡುವ ಮೊದಲೇ ಇಲ್ಲವೇ ಹೊರಟ ಕೂಡಲೇ ಕವಾಯತು ಮುಗಿಸಬೇಕೆಂಬ ಕಟ್ಟುನಿಟ್ಟು ಬಂತು. ರೀತಿ ಬದಲಾದರೂ ತೆಗೆದುಹಾಕುವಂತಿಲ್ಲ. ಇದು ಪ್ರಕೃತಿಭಾವ. ಶಾಲೆಯಲ್ಲಿ ಅದಕ್ಕೆ ಕೊಟ್ಟ ಉದಾಹರಣೆಗಳು 'ಅಯ್ಯೋ ಇದೇನು', 'ಅಣ್ಣಾ ಓಡಿ ಬಾ' ಎಂದಿದ್ದುದು ಕಾಕತಾಳೀಯವಿರಲಾರದು. ವಿಶೇಷವೆಂದರೆ, ಪೂರ್ತಿ ಉಚಿತವಾದ ಈ ಉಪಚಾರ ಕಡಿಮೆಯಾಯಿತೆಂದು ಯಾರೂ ಗೊಣಗಿದ್ದಿಲ್ಲ.

ಇನ್ನು ಅಧಿಕಾರಿಭೇದ, ಎಂದರೆ ಮತ್ತೆ ಮತ್ತೆ ಬರುವ ಪ್ರಯಾಣಿಕರಿಗೆ ಕಂಪನಿಗಳು ಕಟ್ಟುವ ಶ್ರೇಣಿ. ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಗೋಲ್ಡ್‌ನಿಂದ ಆರಂಭಿಸಿ ಪ್ಲಾಟಿನಂ, ಎಮರಾಲ್ಡ್, ಡೈಮಂಡ್, ಡೈಮಂಡ್ ಪ್ಲಸ್ ದಾಟಿ ಪಿನಕಲ್ ಎಂಬ ಕೈವಲ್ಯಕ್ಕೆ 700 ಅಂಕ ಬೇಕು. ರಾತ್ರಿಗೊಂದರಂತೆ ಗಳಿಸಿದರೆ ಎರಡು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಸ್ಯೂಟ್ ಹಿಡಿದವರಿಗೆ ರಾತ್ರಿಗೆರಡು, ಪುಣ್ಯವೂ ಎರಡು ಪಟ್ಟು. ಕಾರ್ನಿವಲ್ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಳೆದ ರಾತ್ರಿಗಳ ಬದಲು ಮಾಡಿದ ಖರ್ಚನ್ನೇ ಆಧಾರವಾಗಿಸುವ ಪದ್ಧತಿಯನ್ನು 2026ರ ಜೂನ್‌ನಿಂದ ತರುವುದಾಗಿ 2025ರಲ್ಲಿ ಸಾರಿತು. ತಪಸ್ಸಿನ ಮಾರ್ಗ ಮುಚ್ಚಿ ಕಾಣಿಕೆಯ ಮಾರ್ಗ ತೆರೆದಂತೆ.

ಕೊನೆಯದು ಕ್ಷೇತ್ರಕಾರ್ಯ. ವಿದೇಶಿ ವಿಲಾಸಿ ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೂ ಬರುತ್ತವೆ. ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಮರಳುತ್ತಾರೆ. ಬಂದರಿನ ಗೇಟಿನ ಬಳಿ ಲೇಖಕನು ನೋಟ್‌ಬುಕ್ ಹಿಡಿದು ನಿಂತಿದ್ದಾಗ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಹೆಗಲಿನ ಬಟ್ಟೆಚೀಲವನ್ನು ಎತ್ತಿ ತೋರಿಸಿದರು. ದೀರ್ಘಯಾನಗಳಲ್ಲಿ ಹಾಸಿಗೆ ಓರಣ ಮಾಡುವವನು ದಿಂಬಿನ ಮೇಲಿಟ್ಟು ಹೋಗುವ ಉಡುಗೊರೆ ಅದು. ಹಿಂದಿನ ಯಾನದ ಚೀಲಕ್ಕೆ ಜಿಪ್ ಇತ್ತಂತೆ. ಈ ಸಲ ಇಲ್ಲ. ಬರಿ ಬಾಯಿ.

ಅವರನ್ನು ಕರೆತಂದಿದ್ದ ಆಟೋದವರು ಲೇಖಕನ ಕಡೆ ತಿರುಗಿ, "ಎಂತ ಮಾರಾಯ್ರೆ, ಒಂದು ಜಿಪ್ಪಿಗೆ ಇಷ್ಟು ಬೇಜಾರಾ? ಬೈಕಂಪಾಡಿಯಲ್ಲಿ ನಮ್ಮ ಟೈಲರ್ ಇದ್ದಾನಲ್ಲ, ಹತ್ತು ನಿಮಿಷದಲ್ಲಿ ಹಾಕಿ ಕೊಡ್ತಾನೆ" ಎಂದರು.

ಹಾಕಿಯೂ ಕೊಟ್ಟ. ಕೆಂಪು ಜಿಪ್. ದೂರದಿಂದ ಬಂದ ಅಜ್ಜಿಯೆಂದು ದುಡ್ಡು ಮುಟ್ಟಲಿಲ್ಲ. ಸುದ್ದಿ ಗೇಟಿನವರೆಗೆ ಹಬ್ಬಿ, ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಮೂರು ಆಟೋ ನಿಂತವು. ನಾಲ್ಕು ಚೀಲವಾಗುವಷ್ಟರಲ್ಲಿ ಕೆಂಪು ಮುಗಿದು, ಐದನೆಯದಕ್ಕೆ ಟೈಲರ್ ನೀಲಿ ಜಿಪ್ ಹಚ್ಚಿದ. ಆ ಚೀಲದ ಯಜಮಾನರು ಅದನ್ನು ಎರಡು ಸಲ ಎಳೆದು ನೋಡಿ, ಬೆಳಗ್ಗೆ ಬಂದವರಿಗೆ ಮಾತ್ರ ಕೆಂಪು ಯಾಕೆ ಎಂದು ಅವನನ್ನೇ ಕೇಳಿದರು.