ಅಕೋಶಸ್ಥ ಪದಗಳ ಅಸ್ತಿತ್ವ ಮೀಮಾಂಸೆ: ಕಮಲಾಪುರವನ್ನು ಅನುಲಕ್ಷಿಸಿ

ನಿಘಂಟಿನಲ್ಲಿ ಇಲ್ಲದ್ದು ಪದವೇ ಅಲ್ಲ ಎಂಬುದು ಪೂರ್ವಪಕ್ಷ. ಈ ಪಕ್ಷದವರು ಎಲ್ಲ ಊರುಗಳಲ್ಲೂ ಇದ್ದಾರೆ. ಹೆಚ್ಚಿನವರು ನಿವೃತ್ತರು, ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡವರು. ಅವರ ವಾದವನ್ನು ಗೌರವದಿಂದಲೇ ಒಪ್ಪಿಕೊಂಡು, ಅದು ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗುವುದು ಈ ಪ್ರಬಂಧದ ವಿಧಾನ.

ಮೊದಲಿಗೆ ತರ್ಕಶಾಸ್ತ್ರದ ಐದು ಅವಯವಗಳು. ಪ್ರತಿಜ್ಞೆ: ಕಮಲಾಪುರ ಎಂಬ ಪದವಿಲ್ಲ. ಹೇತು: ಊರ ಹೆಸರುಗಳಿಗೆ ನಿಘಂಟುಗಳು ಸಾಮಾನ್ಯವಾಗಿ ಜಾಗ ಕೊಡುವುದಿಲ್ಲ. ಉದಾಹರಣೆ: ಕಂಪ್ಲಿ, ಸಂಡೂರು. ಉಪನಯ: ಕಮಲಾಪುರವೂ ಅಂಥದ್ದೇ. ನಿಗಮನ: ಆದ್ದರಿಂದ ಕಮಲಾಪುರವಿಲ್ಲ. ಕಮಲವಿದೆ, ಪುರವಿದೆ, ಎರಡೂ ಕೂಡಿದೊಡನೆ ಮಾಯ. ಹಾಗಾದರೆ ಹಂಪಿಯ ಪಕ್ಕದ ಆ ದೊಡ್ಡ ಕೆರೆ ಯಾವ ಊರಿನಲ್ಲಿ ತುಂಬುತ್ತದೆ, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಯಾವ ಊರಿನಲ್ಲಿ ಬಾಗಿಲು ತೆಗೆಯುತ್ತದೆ ಎಂಬಿವು ಭೂಗೋಳದ ಪ್ರಶ್ನೆಗಳು. ನಮಗೆ ಸಂಬಂಧಿಸಿದ್ದಲ್ಲ. (ಕಲಬುರಗಿ ಕಡೆ ಇನ್ನೊಂದು ಕಮಲಾಪುರವಿದೆ, ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು. ಇಲ್ಲದ ಪದಕ್ಕೆ ನಾನಾರ್ಥ ಬೇರೆ.)

ಮುಂದಿನ ತೊಡಕು ಕಾಲದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಕೋಶ ಹೊರಡುವುದು ಅಕಾರದಿಂದ. ಹಕಾರವೋ ವರ್ಣಮಾಲೆಯ ಬಾಲದಲ್ಲಿದೆ. ಅಂದರೆ ಅಷ್ಟು ವರ್ಷ ಕನ್ನಡಿಗರಿಗೆ ಅನ್ನ ಅಧಿಕೃತವಾಗಿ ಸಿಕ್ಕಿತ್ತು, ಹಸಿವು ಇನ್ನೂ ಆಗಿರಲಿಲ್ಲ. 1991ರಲ್ಲಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿ ಹಾಳು ಹಂಪಿಯ ಮಗ್ಗುಲಲ್ಲಿ ಹೊಸ ಕನ್ನಡ ವಿಶ್ವವಿದ್ಯಾಲಯ ಕಟ್ಟಲು ಬಂದಾಗ, ಶಾಸ್ತ್ರಪ್ರಕಾರ, ಹಾಳೂ ಇರಲಿಲ್ಲ, ಹೊಸದೂ ಇರಲಿಲ್ಲ. 1894ರ ಕಿಟ್ಟೆಲ್ ಕೋಶ ಇತ್ತಲ್ಲ ಎಂದು ಆಕ್ಷೇಪಿಸಬಹುದು. ಇತ್ತು. ಆದರೆ ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ. ಹಸಿದವನು ಮೊದಲು ಇಂಗ್ಲಿಷ್ ಕಲಿತು ಬರಬೇಕಿತ್ತು.

ಈಗ ಕ್ಷೇತ್ರಕಾರ್ಯ. ಕಮಲಾಪುರದ ಬಸ್ ನಿಲ್ದಾಣದ ಹತ್ತಿರದ ಒಂದು ತಳ್ಳುಗಾಡಿ. ಪರೀಕ್ಷೆಗೆ ಆಯ್ದ ಪದ: ಒಗ್ಗರಣಿ. ಕೋಶದ ಒಗ್ಗರಣೆ ಎಂದರೆ ಕಾದ ಎಣ್ಣೆಗೆ ಸಾಸಿವೆ, ಕರಿಬೇವು ಸಿಡಿಸಿ ಸಾರಿಗೆ ಚುಂಯ್ ಎನಿಸುವುದು. ಗಾಡಿಯ ಒಗ್ಗರಣಿ ಎಂದರೆ ಮಂಡಾಳನ್ನು ನೀರಿಗೆ ಅದ್ದಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಜೊತೆ ಬಾಣಲೆಯಲ್ಲಿ ತಿರುವಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೆ ಎರಡು ಮಿರ್ಚಿ ಇಟ್ಟು ಕೊಡುವ ಇಡೀ ನಾಷ್ಟಾ. ಸಂಶೋಧಕರು ಮಾಹಿತಿದಾರೆಯ ಗಮನಕ್ಕೆ ವಿಷಯ ತಂದರು.

"ಯಮ್ಮಾ, ನಿಘಂಟಿನ್ಯಾಗ ಒಗ್ಗರಣಿ ಅಂದ್ರ ಬರೇ ಎಣ್ಣಿ, ಸಾಸಿವಿ ಐತಿ."

"ಹಂಗಾರ ಅದನ್ನ ಅಲ್ಲೇ ತಿಂದು ಬರ್ರಿ ಸರ. ಇಲ್ಲಿ ಮಿರ್ಚಿ ಅಷ್ಟ ಹಾಕಿ ಕೊಡ್ತೀನಿ."

ಸಂಶೋಧಕರು ಸಿದ್ಧಾಂತವನ್ನು ತಾತ್ಕಾಲಿಕವಾಗಿ ಬದಿಗಿಟ್ಟು ತಟ್ಟೆ ತೆಗೆದುಕೊಂಡರು. (ಗಡಿ ದಾಟಿ ಆಂಧ್ರಕ್ಕೆ ಹೋದರೆ ಇದೇ ತಿಂಡಿಗೆ ಉಗ್ಗಾಣಿ ಎನ್ನುತ್ತಾರೆ, ಅಲ್ಲಿ ಈ ಜಗಳವೇ ಹುಟ್ಟುವುದಿಲ್ಲ.) ಮೂರು ಗಾಲಿಯ ಟಂಟಂ ವಿಷಯ ವಿಸ್ತರಿಸುವುದಿಲ್ಲ. ಅದು ಕಿಟ್ಟೆಲ್ ಕಾಲದಲ್ಲಿ ಓಡುತ್ತಿರಲಿಲ್ಲವಾದ್ದರಿಂದ, ಅದರಲ್ಲಿ ಕೂತು ಹಂಪಿಗೆ ಹೋಗುವವರು ಶಾಸ್ತ್ರೀಯವಾಗಿ ನಡೆದೇ ಹೋಗುತ್ತಾರೆ.

ಇನ್ನು ಉತ್ತರಪಕ್ಷಕ್ಕೆ ದೊಡ್ಡವರ ಬೆಂಬಲ ಬೇಕಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನಿಗಿಂತ ಕಟ್ಟುನಿಟ್ಟಿನ ವೈಯಾಕರಣ ಕನ್ನಡದಲ್ಲಿ ಸಿಗುವುದು ಕಷ್ಟ. ಆತನೂ ಸೂತ್ರ ಹೇಳಿ ಕೈತೊಳೆದುಕೊಳ್ಳಲಿಲ್ಲ. ಪ್ರಯೋಗಗಳನ್ನು ಹಿಡಿದು ತಂದು ಸಾಕ್ಷಿಗೆ ನಿಲ್ಲಿಸಿದ. ಶಬ್ದಮಣಿದರ್ಪಣದ ಆರಂಭದಲ್ಲಿ ಪೂರ್ವಕವಿಗಳನ್ನು ನೆನೆಯುವಾಗ ಪಂಪನನ್ನು ಹಂಪ ಎಂದೇ ಕರೆದ. ಪಕಾರವನ್ನು ಹಕಾರ ಮಾಡಿದ್ದು ಜನರ ನಾಲಿಗೆ, ಬರೆದುಕೊಂಡದ್ದು ವ್ಯಾಕರಣ. ಪಂಪೆ ಹಂಪೆಯಾದದ್ದೂ ಹೀಗೆಯೇ. ಕೆಂಪು ಪೆನ್ನಿನವರು ಆಗಲೇ ಇದ್ದಿದ್ದರೆ ವಿಶ್ವಪರಂಪರೆಯ ತಾಣಕ್ಕೆ ಬೇರೆ ಬೋರ್ಡು ಬರೆಸಬೇಕಾಗುತ್ತಿತ್ತು. ಬೋರ್ಡಿನ ಮಾತು ಬಂತೆಂದು ಹೇಳುವುದಾದರೆ, 2014ರ ನವೆಂಬರ್ 1ರಂದು ಹಾಸ್ಪೆಟ್ ಅಧಿಕೃತವಾಗಿ ಹೊಸಪೇಟೆಯಾಯಿತು. ಅದರ ಹಿಂದಿನ ದಿನವೂ ಮರುದಿನವೂ ಸಂತೆಗೆ ಹೊರಟವರು ಹೋದದ್ದು ಹೊಸಪ್ಯಾಟಿಗೆ.

ಪರಿಷತ್ತಿನ ನಿಘಂಟಿನ ಹಿಂದೆ ದಶಕಗಟ್ಟಲೆ ದುಡಿದ ಜಿ. ವೆಂಕಟಸುಬ್ಬಯ್ಯನವರೇ ಬೇರೆಯಾಗಿ ಎರವಲು ಪದಕೋಶವನ್ನೂ ಕ್ಲಿಷ್ಟಪದಕೋಶವನ್ನೂ ಮಾಡಿದರು. ಸಾಲದೆಂದು ಪ್ರಜಾವಾಣಿಯ ‘ಇಗೋ ಕನ್ನಡ’ದಲ್ಲಿ ಓದುಗರ ಪದಸಂದೇಹಗಳಿಗೆ ಉತ್ತರ ಬರೆದರು. ನಿಘಂಟುಕಾರರಿಗೇ ನಿಘಂಟು ಸಾಕಾಗಲಿಲ್ಲ. ಅದನ್ನು ಕೊಂಡವರಿಗೆ ಮಾತ್ರ ಸಾಕಾಗಿದೆ.

ನಿರ್ಣಯ: ಕೇಳಿದ್ದು ತಟ್ಟೆಗೆ ಬಂದರೆ ಅದು ಪದ. ಈ ನಿರ್ಣಯವನ್ನು ಒಪ್ಪದ ವಿದ್ವಾಂಸರು ತಮ್ಮ ಕೋಶಗಳ ಸಮೇತ ಕಮಲಾಪುರಕ್ಕೆ ಬರಬಹುದು, ಹೊಸಪೇಟೆಯಿಂದ ಬಸ್ಸಿದೆ. ಸ್ವಲ್ಪ ಬೇಗ ಬನ್ನಿ. ಹತ್ತು ಗಂಟೆ ದಾಟಿದರೆ ಒಗ್ಗರಣಿ ಖಾಲಿ.