ನ್ಯೂಟ್ರಲ್ ವ್ರತ

ಕೈ ಮುಟ್ಟದೆಯೇ ಕಾರ್ಯ ನೆರವೇರಬೇಕೆಂಬ ಅಭಿಲಾಷೆ ಮನುಷ್ಯನಲ್ಲಿ ಬಹು ಪುರಾತನವಾದುದು. ಋಷಿಗಳು ಮಂತ್ರಬಲದಿಂದಲೂ ಅರಸರು ಆಜ್ಞಾಬಲದಿಂದಲೂ ಪಡೆಯುತ್ತಿದ್ದ ಈ ಸಿದ್ಧಿಯನ್ನು ನಮ್ಮ ಕಾಗವಾಡ ಸೀಮೆಯ ಕಬ್ಬಿನ ರೈತನು ಮೊಬೈಲಿನ ಬಲದಿಂದ ಪಡೆದು ಎಷ್ಟೋ ಕಾಲವಾಯಿತು. ಅವನ ಪಂಪು ಕೃಷ್ಣೆಯ ದಂಡೆಯಲ್ಲಿ, ಅವನ ಹಾಸಿಗೆ ಊರೊಳಗೆ. ತ್ರೀಫೇಸ್ ಕರೆಂಟಾದರೋ ಬಹುಧಾ ನಡುರಾತ್ರಿಯಲ್ಲಿಯೇ ದರ್ಶನ ಕೊಡತಕ್ಕದ್ದು. ಹಿಂದೆ ಬ್ಯಾಟರಿ ಹಿಡಿದು, ಹಾವಿಗೆ ಅಂಜುತ್ತ, ಕೆಸರು ತುಳಿಯುತ್ತ ಹೋಗಿ ಸ್ಟಾರ್ಟರ್ ಪೆಟ್ಟಿಗೆಯ ಹಸಿರು ಗುಂಡಿಯನ್ನು ಒತ್ತಿ ಬರುತ್ತಿದ್ದ ಆ ಪುಣ್ಯಾತ್ಮನು ಈಗ ಕೌದಿಯೊಳಗಿನಿಂದಲೇ ಪಂಪಿಗೆ ಫೋನ್ ಮಾಡಿ ಮಗ್ಗುಲು ಹೊರಳುವನು. ಪುಣೆಯ ಸಂತೋಷ್ ಓಸ್ತ್ವಾಲರು ರೂಪಿಸಿದ ಇಂತಹದೊಂದು ಸಾಧನಕ್ಕೆ ‘ನ್ಯಾನೋ ಗಣೇಶ್’ ಎಂದೇ ನಾಮಕರಣವಾಗಿರುವುದರಿಂದ, ಆರಂಭದಲ್ಲಿ ವಿಘ್ನೇಶ್ವರನನ್ನು ನೆನೆಯುವ ಸಂಪ್ರದಾಯಕ್ಕೂ ಲೋಪವುಂಟಾಗಿಲ್ಲ.

ನನ್ನ ಅಣ್ಣನ ಮಗನು ಈ ವೈಭವವನ್ನು ಬಾಲ್ಯದಿಂದಲೂ ಕಂಡವನು. ನಿತ್ಯವೂ ಮಿರಜಿಗೆ ನೌಕರಿಗೆ ಹೋಗುವ ಅವನಿಗೆ ಗೇರಿನದೊಂದು ಸಣ್ಣ ಕಾರುಂಟು. ವೈಶಾಖದಲ್ಲಿ ಬೆಳಗಿನಿಂದಲೇ ಅಂಗಳದ ಬಿಸಿಲಿಗೆ ಕಾಯ್ದ ಆ ಕಾರಿನ ಸ್ಟೇರಿಂಗನ್ನು ಹಿಡಿಯುವುದೆಂದರೆ ಅಗ್ನಿಪರೀಕ್ಷೆಯೇ ಸರಿ. ಕೆನಡಾ ದೇಶದ ಜನರು ಹಿಮದಲ್ಲಿ ಹೆಪ್ಪುಗಟ್ಟಿದ ತಮ್ಮ ವಾಹನಗಳನ್ನು ಮನೆಯೊಳಗಿನಿಂದಲೇ ಚಾಲೂ ಮಾಡಿ, ಅವು ಬೆಚ್ಚಗಾದ ಮೇಲೆ ಹತ್ತುವರೆಂಬುದನ್ನು ಅವನು ಎಲ್ಲಿಯೋ ನೋಡಿದನಂತೆ; ಹಾಗೆಯೇ ತನ್ನ ಕಾರೂ ಹತ್ತುವ ಮೊದಲೇ ಏಸಿಯಿಂದ ತಂಪಾಗಿರಬೇಕೆಂಬ ಆಸೆ ಅವನಿಗೆ ಹುಟ್ಟಿತು. ‘ಪಂಪ್ ಹಾಸಿಗ್ಯಾಗಿಂದ ಚಾಲೂ ಆಗತೈತಿ, ಕಾರ್ ಪಡಸಾಲ್ಯಾಗಿಂದ ಯಾಕ ಆಗಬಾರದು, ಕಾಕಾ?’ ಎಂದು ಅವನು ಕೇಳಿದಾಗ, ತರ್ಕಶಾಸ್ತ್ರವನ್ನು ಅಷ್ಟಿಷ್ಟು ಓದಿದ ನಾನೂ ನಿರುತ್ತರನಾದೆನು.

ಉತ್ತರ ಕೊಟ್ಟವನು ವಾಯರಿಂಗ್ ಕೆಲಸದ ಮೇಸ್ತ್ರಿ. ಬಾನೆಟ್ಟನ್ನು ಎತ್ತುವುದಕ್ಕೆ ಮೊದಲೇ ಅವನು ಕೇಳಿದ ಪ್ರಶ್ನೆ ಒಂದೇ: ‘ಗಾಡಿ ನಿಲ್ಲಸೂಮುಂದ ಗೇರನ್ಯಾಗ ಇಡ್ತೀರೋ, ನ್ಯೂಟ್ರಲ್ ಮಾಡ್ತೀರೋ?’ ನಮ್ಮ ಮನೆತನದಲ್ಲಿ ಗಾಡಿಯನ್ನು ಮೊದಲನೆಯ ಗೇರಿನಲ್ಲಿ ನಿಲ್ಲಿಸುವುದು ಪಿತ್ರಾರ್ಜಿತವಾಗಿ ಬಂದ ಧರ್ಮ. ಹ್ಯಾಂಡ್‌ಬ್ರೇಕನ್ನು ನಂಬಲಾಗದ ಜೀಪುಗಳ ಕಾಲದಲ್ಲಿ ಪಳಗಿದ ಅಣ್ಣನು ಅದರ ಮೇಲೆ ಗಾಲಿಗೊಂದು ಕಲ್ಲನ್ನೂ ಒಡ್ಡುವನು. ಪಂಪಿಗೂ ಕಾರಿಗೂ ಇರುವ ಭೇದ ಇಲ್ಲಿಯೇ ಅಡಗಿದೆಯೆಂದು ಮೇಸ್ತ್ರಿ ವಿವರಿಸಿದನು. ಪಂಪಿಗೆ ಗೇರಿಲ್ಲ, ಚಾಲೂ ಆದರೆ ನೀರೆತ್ತುವುದಲ್ಲದೆ ಅದು ಎಲ್ಲಿಗೂ ಹೊರಡಲಾರದು. ಆಟೋಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲಿನಲ್ಲಿದ್ದ ಹೊರತು ಚಾಲೂ ಆಗಲು ಒಪ್ಪದು. ಗೇರಿನ ಕಾರಿನಲ್ಲಾದರೋ ಸ್ಟಾರ್ಟರ್ ಮೋಟರಿನ ಪುಟ್ಟ ಹಲ್ಲುಗಾಲಿಯು ಎಂಜಿನ್ನಿನ ಫ್ಲೈವೀಲನ್ನು ತಿರುಗಿಸುವುದು; ಕ್ಲಚ್ಚನ್ನು ಒತ್ತುವ ಕಾಲು ಒಳಗಿಲ್ಲದೆ, ಗೇರು ಕಚ್ಚಿಕೊಂಡಿದ್ದರೆ, ಅದೇ ತಿರುಗಾಟ ಗಾಲಿಗಳಿಗೂ ಇಳಿದು, ಗಾಡಿಯು ಎದುರಿಗೆ ತುಳಸೀಕಟ್ಟೆಯಿದ್ದರೆ ಕಟ್ಟೆಗೆ, ಎಮ್ಮೆಯಿದ್ದರೆ ಎಮ್ಮೆಗೆ ಹಾಯುವುದು.

ಅಣ್ಣನಿಗೆ ಇದು ಹೊಸ ಸಂಗತಿಯಾಗಿರಲಿಲ್ಲ. ಶೇಡಬಾಳ, ಉಗಾರಗಳ ಕಡೆಯ ರೈಲ್ವೆ ಗೇಟುಗಳಲ್ಲಿ ಹಳಿಯ ಮೇಲೆ ಎಂಜಿನ್ ಬಂದಾದರೆ, ಮೊದಲನೆಯ ಗೇರು ಹಾಕಿ, ಕ್ಲಚ್ ಬಿಟ್ಟು, ಚಾವಿ ತಿರುವುತ್ತ ಬರಿಯ ಸ್ಟಾರ್ಟರಿನ ಬಲದಿಂದಲೇ ಗಾಡಿಯನ್ನು ಆಚೆಗೆ ಸರಿಸಬೇಕೆಂದು ಹಿಂದಿನ ಡ್ರೈವರುಗಳು ಅವನಿಗೆ ಉಪದೇಶಿಸಿದ್ದರು. ಒಳಗೆ ಮನುಷ್ಯನಿದ್ದಾಗ ಪ್ರಾಣರಕ್ಷಕವಾದ ಗುಣವೇ ಮನುಷ್ಯನಿಲ್ಲದಾಗ ಎಮ್ಮೆಗೆ ಪ್ರಾಣಾಂತಿಕವಾಗುವುದೆಂಬ ತತ್ತ್ವವನ್ನು ನಾನು ಅಂದು ಮನಗಂಡೆನು. ಅಣ್ಣನ ತಲೆಮಾರಿನವರು ಹಳೆಯ ಅಂಬಾಸಿಡರಿನ ಮೋರೆಗೆ ಹ್ಯಾಂಡಲ್ ಚುಚ್ಚಿ ತಿರುವಿದವರು. ಎಂಜಿನ್ ಹಿಮ್ಮೊಗವಾಗಿ ಒದ್ದರೆ ಮುರಿಯದಿರಲೆಂದು ಹೆಬ್ಬೆರಳನ್ನು ಮಿಕ್ಕ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಲು ಕಲಿತವರು. ಆ ಒದೆತದಿಂದ ಲೋಕವನ್ನು ಪಾರುಮಾಡಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅಂಗಡಿಯ ಗಲ್ಲಾಯಂತ್ರಕ್ಕೆ ವಿದ್ಯುತ್ ಮೋಟರನ್ನು ಜೋಡಿಸಿದ್ದ ಆ ಮಹಾಶಯನು, ಕ್ಷಣಕಾಲ ಬಲವಾಗಿ ದುಡಿದು ಸುಮ್ಮನಾಗುವ ಮೋಟರಿನ ತತ್ತ್ವವನ್ನೇ ಕಾರಿಗೂ ಅನ್ವಯಿಸಲಾಗಿ, 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಅವತರಿಸಿತು. ಚಾಲಕನನ್ನು ಗಾಡಿಯ ಮುಂಭಾಗದಿಂದ ಆಸನಕ್ಕೆ ಏರಿಸಿದವನು ಕೆಟರಿಂಗ್. ಆಸನದಿಂದಲೂ ಎಬ್ಬಿಸಿ ಪಡಸಾಲೆಯ ಜೋಕಾಲಿಯಲ್ಲಿ ಕೂಡಿಸಲು ಹೊರಟವನು ನಮ್ಮ ಚಿರಂಜೀವಿ.

ದೂರದಿಂದಲೇ ಗಾಡಿಯನ್ನು ಚಾಲೂ ಮಾಡುವ ರಿಮೋಟ್ ಯಂತ್ರವೇನೋ ಕೂಡಿತು. ಕ್ಲಚ್ ಒತ್ತದೆ ಚಾಲೂ ಆಗೆನೆಂಬ ಗಾಡಿಗೆ ಕ್ಲಚ್ ಒತ್ತಲ್ಪಟ್ಟಿದೆಯೆಂದೂ, ಚಾವಿಯೊಳಗಿನ ಚಿಪ್ಪನ್ನು ಗುರುತಿಸದೆ ಒಲಿಯೆನೆಂಬ ಗಾಡಿಗೆ ಚಾವಿ ಇಲ್ಲಿಯೇ ಇದೆಯೆಂದೂ, ಹೀಗೆ ಸತ್ಯಸಂಧವಾದ ವಾಹನಕ್ಕೆ ಎರಡು ಸುಳ್ಳುಗಳನ್ನು ನಂಬಿಸಿಯಾದ ಮೇಲೆ, ಮೇಸ್ತ್ರಿ ಆಚರಣಾವಿಧಿಯನ್ನು ಬೋಧಿಸಿದನು. ಅದು ಯಾವ ಕಠಿಣ ವ್ರತಕ್ಕೂ ಕಡಿಮೆಯದಾಗಿರಲಿಲ್ಲ. ಮನೆಗೆ ಬಂದೊಡನೆ ಎಂಜಿನ್ ಓಡುತ್ತಿರುವಾಗಲೇ ಗೇರನ್ನು ನ್ಯೂಟ್ರಲಿಗೆ ತರಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ರಿಮೋಟಿನ ಗುಂಡಿಯನ್ನು ಒತ್ತಿ ಚಾವಿಯನ್ನು ಹೊರತೆಗೆಯಬೇಕು, ಚಾವಿ ಇಲ್ಲದೆಯೂ ಎಂಜಿನ್ ಓಡುತ್ತಿರುವುದನ್ನು ಕಂಡು ಗಾಬರಿಯಾಗದೆ ಕೆಳಗಿಳಿಯಬೇಕು, ಬಾಗಿಲುಗಳನ್ನು ಮುಚ್ಚಿ ಲಾಕ್ ಮಾಡಿದ ಮೇಲೆ ಎಂಜಿನ್ ತಾನಾಗಿ ಶಾಂತವಾಗುವುದು. ಗೇರಿನಲ್ಲಿದ್ದರೆ ಚಾಲಕನು ಇಳಿಯುವಾಗಲೇ ಗಾಡಿಯು ತಡವರಿಸಿ ಸತ್ಯವನ್ನು ಹೊರಗೆಡಹುವುದೆಂಬುದೇ ಇಷ್ಟು ವಿಧಿಯ ಮರ್ಮ. ತರುವಾಯ ಮರುದಿನ ಬೆಳಗಿನವರೆಗೆ ಯಾರೂ ಬಾಗಿಲನ್ನು ತೆರೆಯಕೂಡದು; ತೆರೆದವರು ಗೇರನ್ನು ಮುಟ್ಟಿರಬಹುದೆಂಬ ಸಂಶಯದಿಂದ ಯಂತ್ರವು ವ್ರತಭಂಗವಾಯಿತೆಂದು ಸಾರಿ ಮೌನ ತಾಳುವುದು.

ಕೂಡು ಕುಟುಂಬದ ಅಂಗಳದಲ್ಲಿ ಕಾರಿನ ಬಾಗಿಲು ರಾತ್ರಿಯಿಡೀ ತೆರೆಯದೆ ಉಳಿಯುವುದುಂಟೆ? ಹಿಂದಿನ ಆಸನದಲ್ಲಿ ಮರೆತ ಡಬ್ಬಿಗಾಗಿ ವೈನಿ, ಚೆಂಡಿಗಾಗಿ ಮೊಮ್ಮಗ, ಬಾಗಿಲು ನೆಟ್ಟಗೆ ಮುಚ್ಚಿಲ್ಲವೆಂಬ ಶಂಕೆಯಿಂದ ಅಣ್ಣ, ಹೀಗೆ ಒಬ್ಬರಲ್ಲ ಒಬ್ಬರು ವ್ರತವನ್ನು ಕೆಡಿಸುವರು. ಬೆಳಿಗ್ಗೆ ಚಿರಂಜೀವಿಯು ಪಡಸಾಲೆಯಲ್ಲಿ ನಿಂತು, ಬಾಣ ಬಿಡುವ ಅರ್ಜುನನ ಗಾಂಭೀರ್ಯದಿಂದ ಗುಂಡಿ ಒತ್ತುವನು. ಕಾರು ದೀಪವನ್ನು ಮಿಟುಕಿಸಿ ಸುಮ್ಮನಾಗುವುದು. ಬಳಿಕ ಅವನು ಹೋಗಿ, ಕಾಯ್ದ ಆಸನದಲ್ಲಿ ಕುಳಿತು, ಕ್ಲಚ್ ಒತ್ತಿ ಚಾವಿ ತಿರುವುವನು.

ಅಂಗಳದಲ್ಲಿಯಾದರೆ ನಗೆಪಾಟಲು ಮಾತ್ರ. ಬೀದಿಯಲ್ಲಿಯಾದರೆ ಕಾನೂನೂ ಅಡ್ಡ ಬರುವುದೆಂದು ನೆರೆಮನೆಯ ವಕೀಲರು ಎಚ್ಚರಿಸಿದರು. 1988ರ ಮೋಟಾರು ವಾಹನಗಳ ಅಧಿನಿಯಮದ 126ನೆಯ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಎಂಜಿನನ್ನು ಬಂದು ಮಾಡಿ ಬ್ರೇಕ್ ಹಾಕಿರಬೇಕು. ಇಲ್ಲವೇ ಲೈಸನ್ಸುಳ್ಳವನೊಬ್ಬನು ಚಾಲಕನ ಆಸನದಲ್ಲಿ ಕುಳಿತಿರಬೇಕು. ಅಂದರೆ ಮಿರಜಿನ ಬಜಾರದಲ್ಲಿ ನಿಲ್ಲಿಸಿದ ಗಾಡಿಯನ್ನು ಅಂಗಡಿಯೊಳಗಿನಿಂದ ಚಾಲೂ ಮಾಡುವ ಸುಖವು ಶಾಸ್ತ್ರನಿಷಿದ್ಧ.

ವಕೀಲರ ಮಾತಿನಿಂದಲೇ ಪರಿಹಾರವೂ ಹೊಳೆಯಿತು. ಆಸನದಲ್ಲಿ ಕುಳಿತಿರಬೇಕು, ಲೈಸನ್ಸಿರಬೇಕು, ಎಡಗೈಯಿಂದ ಅಲುಗಿಸಿ ಗೇರು ಎಲ್ಲಿದೆಯೆಂದು ತಿಳಿಯಬೇಕು, ದೂರದಿಂದ ಕೂಗಿದರೆ ಚಾಲೂ ಮಾಡಬೇಕು: ಇಷ್ಟು ಲಕ್ಷಣಗಳುಳ್ಳ ಸಾಧನವು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದ್ದಿತು, ಅದು ನಮ್ಮ ಅಣ್ಣ. ಈಗ ಚಿರಂಜೀವಿಯು ಸ್ನಾನ ಮುಗಿಸಿ, ರಿಮೋಟನ್ನು ಗೂಟಕ್ಕೆ ತೂಗಹಾಕಿ, ‘ಅಪ್ಪಾ, ಗಾಡಿ ಚಾಲೂ ಮಾಡಿ ಏಸಿ ಹಚ್ಚರಿ’ ಎಂದು ಒಳಗಿನಿಂದಲೇ ಕೂಗುವನು. ಅಣ್ಣನು ಕಲ್ಲು ತೆಗೆದು, ಗಾಜು ಒರೆಸಿ, ಕಾರನ್ನು ತಂಪು ಮಾಡಿಯೇ ಒಪ್ಪಿಸುವನು. ಈ ಯಂತ್ರಕ್ಕೂ ನಿಯಮವೊಂದುಂಟೆಂಬುದನ್ನು ಮಾತ್ರ ಅವನು ಮೊದಲ ದಿನವೇ ಸ್ಪಷ್ಟಪಡಿಸಿದ್ದನು: ‘ಚಾ ಕುಡಿಯೂ ಮಟಾ ನಾನೂ ಚಾಲೂ ಆಗೂದಿಲ್ಲ, ನೋಡು.’